ಬೀಗ ಹಾಕಿದ ಸಭಾಂಗಣ ಮತ್ತು ನೀಲವ್ವನ ಮಂಡಿ

ನಗರಸಭೆಯಲ್ಲಿ ಸಭಾಂಗಣಗಳ ಬೀಗದಕೈ ಹಿಡಿದು ಕೂತ ಮಾನ್ಯರೇ,

ನನಗೆ ಒನೆಹುಂಗಾದ ಮೇಲೆ ಹೊಟ್ಟೆಕಿಚ್ಚು! ಗುಟ್ಟಾಗಿ ಅಲ್ಲ, ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಹೇಳುತ್ತಿದ್ದೇನೆ. ಇದೇ ನಗರದ ಆ ಬಡಾವಣೆಯ ಸಭಾಂಗಣವನ್ನು ಸಂಜೆ ಹೊತ್ತು ಜನರ ವ್ಯಾಯಾಮಕ್ಕೆ ತೆರೆದಿದ್ದೀರಿ. ಇಲ್ಲಿ ನಮ್ಮ ಬಡಾವಣೆ ತಕಾನಿನಿಯಲ್ಲಿ, ನಮ್ಮ ಬೀದಿಯ ತುದಿಯ ಸಭಾಂಗಣಕ್ಕೆ ಬೀಗ ಜಡಿದು, ಅದರ ಬಾಗಿಲಿಗೇ ‘ಜೊತೆಗೂಡಿ ಬೊಜ್ಜು ಕರಗಿಸಿ’ ಎಂಬ ಪೋಸ್ಟರ್ ಅಂಟಿಸಿದ್ದೀರಿ. ಆಹಾ! ಗದಗಿನ ನಾಟಕ ಕಂಪನಿಯಲ್ಲಿ ಹತ್ತಾರು ಪ್ರಹಸನ ಆಡಿದವನು ನಾನು. ಇಂಥ ದೃಶ್ಯ ನಮ್ಮ ಮಾಸ್ತರರಿಗೂ ಹೊಳೆದಿರಲಿಲ್ಲ.

ನನ್ನ ಹೆಂಡತಿ ನೀಲವ್ವನ ಮಂಡಿ ಸವೆದಿದೆ. ತೂಕ ಇಳಿಯದೆ ಆಪರೇಷನ್ ಮಾಡುವುದಿಲ್ಲ ಎಂದರು ವೈದ್ಯರು. ಸರಿ, ನಿಮ್ಮ ಪೋಸ್ಟರಿನ ಅಪ್ಪಣೆಯಂತೆ ನಮ್ಮ ಕಡೆಯಿಂದ ಈ ಪರದೇಶಕ್ಕೆ ಬಂದು ನೆಲೆಸಿದ ನಾಲ್ಕೈದು ಮನೆಯವರು ಜೊತೆಗೂಡಿದೆವು. ಬೇಸಿಗೆಯಲ್ಲಿ ಪಾರ್ಕಿನಲ್ಲಿ ನಡೆದೆವು. ಹೋದ ಚಳಿಗಾಲದಲ್ಲಿ ಸಂಜೆಯಾಗುವ ಮೊದಲೇ ಕತ್ತಲು, ಮೇಲೆ ಬಿಡದ ಮಳೆ. ಮಂಡಿ ನೋಯುವವರು ಎಲ್ಲಿ ನಡೆಯಬೇಕು? ದಿನಕ್ಕೊಬ್ಬರ ಮನೆಯಲ್ಲಿ ಸೋಫಾ ಸರಿಸಿ ವ್ಯಾಯಾಮ ಮಾಡೋಣ ಎಂದುಕೊಂಡೆವು. ಅಲ್ಲೇ ಕೆಟ್ಟೆವು! ಹೊಸ್ತಿಲು ದಾಟಿ ಬಂದವರನ್ನು ಬರಿಬಾಯಲ್ಲಿ ಕಳಿಸಿದರೆ ನಮ್ಮ ಸೀಮೆಯ ಮನೆಯಾಕೆಗೆ ನಿದ್ದೆ ಬರುವುದಿಲ್ಲ. ಮೊದಲ ಸಂಜೆ ಬರೀ ಚಹಾ, ಮರುದಿನ ಚಹಾದ ಜೊತೆ ಮಿರ್ಚಿ ಭಜಿ, ಆಮೇಲೆ ಮನೆಮನೆಗೂ ಪೈಪೋಟಿ.

“ಅವ್ರ ಮನ್ಯಾಗ ಭಜಿ ತಿಂದೀರಿ ನೀಲವ್ವಾರ, ನಮ್ಮ ಮನಿ ಹೋಳಿಗಿ ಏನ್ ಪಾಪ ಮಾಡೇತ್ರಿ?” ಎಂದು ಎದುರುಮನೆಯ ಜಯಲಕ್ಷ್ಮಿಯವರು ತುಪ್ಪ ಸುರಿಯುತ್ತ ನಿಂತರೆ, ಬೇಡವೆನ್ನುವ ಎದೆಗಾರಿಕೆ ಯಾರಿಗಿದೆ? ಚಳಿಗಾಲ ಮುಗಿಯುವುದರೊಳಗೆ ನೀಲವ್ವನ ತೂಕ ಏರಿತು. ಆಪರೇಷನ್ ಮುಂದಕ್ಕೆ ಹೋಯಿತು.

ಅತ್ತ ನನ್ನ ಗೆಳೆಯ ಸರ್ಫರಾಜ್! ಮೊದಲು ನಮ್ಮ ಪಕ್ಕದ ಮನೆಯವನು, ಈಗ ಒನೆಹುಂಗಾವಾಸಿ. ಅವನ ಹೆಂಡತಿ ನಸೀಮಾ ಅವರದೂ ಇಂಥದೇ ಮಂಡಿ; ಆಗ ನೀಲವ್ವ, ನಸೀಮಾ ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಮೊನ್ನೆ ಭಾನುವಾರ ನಸೀಮಾ ಕೋಲಿಲ್ಲದೆ ನಮ್ಮ ಮೆಟ್ಟಿಲೇರಿ ಬಂದರು. ತೂಕ ಇಳಿದು, ಆಪರೇಷನ್ನೂ ಆಗಿದೆ. ಸರ್ಫರಾಜನ ಬೆಲ್ಟಿಗೂ ಹೊಸ ತೂತು!

“ಏನ್ ಜಾದೂ ಮಾಡಿದ್ಯೋ ದೋಸ್ತಾ?”

“ಜಾದೂ ಏನಿಲ್ಲಪಾ. ಹಾಲ್‌ನ್ಯಾಗ ಹಾಡು ಹಚ್ತಾರ, ಕೈಕಾಲು ಆಡಸ್ತೀವಿ. ಒಂದಿನ ತಪ್ಪಿಸಿದ್ರ ಎಲ್ಲಾರೂ ಫೋನ್ ಮಾಡಿ ಜೀವಾ ತಿಂತಾರ. ಮುಗದ ಮ್ಯಾಲ ನೀರು ಕುಡದು ಮನಿಗೆ. ಉಪಚಾರ ಮಾಡಾಕ ಅದು ಯಾರ ಮನಿನೂ ಅಲ್ಲಲ್ಲ!”

ನಾನು ನಕ್ಕೆ. ಕಂಪನಿಯಲ್ಲಿ ಕಲಿತ ನಗು, ಚೆನ್ನಾಗಿಯೇ ಬಂತು. ಆದರೆ ಅವರು ಹೊರಟಾಗ ನೀಲವ್ವ ಬಾಗಿಲವರೆಗೂ ಹೋಗಲಿಲ್ಲ. ಕುರ್ಚಿಯಲ್ಲೇ ಕೂತು, ಗೆಳತಿ ಮೆಟ್ಟಿಲಿಳಿಯುವುದನ್ನು ಕಿಟಕಿಯಿಂದ ನೋಡಿದಳು. “ಎಷ್ಟ್ ಚಂದ ಇಳೀತಾಳ ನೋಡ್ರಿ,” ಎಂದಳು. ನಾನು ಪೆನ್ನು ಹುಡುಕಿ ಈ ಪತ್ರ ಬರೆಯಲು ಕೂತೆ.

‘ತಪ್ಪು ನಿಮ್ಮ ನಾಲಿಗೆಯದು’ ಎನ್ನುತ್ತೀರಾ? ಇರಲಿ! ಆದರೆ ಮನುಷ್ಯ ಒಬ್ಬನೇ ಕೂತು ಬೊಜ್ಜು ಬೆಳೆಸುತ್ತಾನೆಯೇ? ನಾವು ಕೂಡಿ ತಿಂದು ಬೆಳೆಸಿದ್ದು. ಕೂಡಿ ಬೆವರಿಯೇ ಕರಗಿಸಬೇಕು. ಹಾಗೆ ಕೂಡುವುದಕ್ಕೆ ಯಾರ ಮನೆಯೂ ಅಲ್ಲದ ಒಂದು ಜಾಗ ಬೇಕು. ಬಾಗಿಲಿಗೆ ಪೋಸ್ಟರ್ ಅಂಟಿಸಿದ ಕೈಗೆ ಆ ಬಾಗಿಲು ತೆರೆಯಲು ಬರುವುದಿಲ್ಲವೇ?

ಈ ಚಳಿಗಾಲ ಶುರುವಾಗುವ ಮೊದಲೇ ಆ ಬೀಗ ತೆಗೆಸಿ. ಸಂಜೆ ಒಂದು ತಾಸು ಸಾಕು. ಒಳಗಿನ ಅಡುಗೆಮನೆಯ ಬೀಗ ಮಾತ್ರ ಹಾಗೇ ಇರಲಿ, ಜಯಲಕ್ಷ್ಮಿಯವರೂ ಬರುತ್ತಾರೆ.

ಇಂತಿ,
ಒನೆಹುಂಗಾದ ಕಡೆಗೇ ಕಣ್ಣು ನೆಟ್ಟು ಕೂತಿರುವ,
ನೀಲವ್ವನ ಗಂಡ ವೀರಭದ್ರಪ್ಪ
ತಕಾನಿನಿ