ರಮ್ಯನ ಸೆಲ್ಫಿ ಬುಡಿಸ್ಬ್ಯಾಡ

ಬೀಚನಹಳ್ಳಿ
14-10-2024, ಸೋಮ್ವಾರ

ನನ್ನ ಮುದ್ದಿನ ತಮ್ಮ ಸಿದ್ದರಾಜುಗೆ, ನಿಮ್ಮಣ್ಣ ಮಾಡೋ ಆಶೀರ್ವಾದ.

ಎಂಗಿದ್ದೀಯ ಕಣ್ಲಾ? ಮಂಡಿ ನೋವು ಒಸಿ ಇಳೀತಾ? ಕಾಕನಕೋಟೆ ಕಾಡು ಕಾದಿದ್ದು ಸಾಕು, ನಿನ್ನ ಮಂಡೀನೂ ಒಸಿ ಕಾಯ್ಕೊ. ನಿಮ್ಮ ಕ್ಯಾಂಪಲ್ಲಿ ನೆಟ್ವರ್ಕು ಬರಕಿಲ್ವಲ್ಲ, ಅದ್ಕೇ ಈ ಕಾಗ್ದ ಬರ್ದು ರೇಷನ್ ಜೀಪಿನ ಕುಮಾರನ ಕೈಲಿ ಕೊಡ್ತಾವ್ನಿ. ಮೂರ್ನೇ ಕ್ಲಾಸಿನ ಅಕ್ಷರ, ಆನೆ ತುಳ್ದಂಗದೆ, ಎಂಗಾರ ಓದ್ಕೊ. ಅವ್ವ ಚೆನ್ನಾಗವ್ಳೆ. ನನ್ನ ಬಯ್ಯೋದ್ರಲ್ಲಿ ನಿಮ್ಮತ್ತಿಗೆ ಇನ್ನೂ ಚೆನ್ನಾಗವ್ಳೆ.

ಹೋದ ವಾರ ಕುಮಾರನ ಕೈಲಿ ನೀನು ಹೇಳಿ ಕಳ್ಸಿದ ಮಾತು ಬಂತು. ನಿನ್ನೆಂಡ್ತಿ ರಮ್ಯ ದಿನಾ ಸೆಲ್ಫಿ ತಗ್ದು ಇನ್ಸ್ಟಾಗೆ ಹಾಕ್ತಾಳಂತೆ, ಅಷ್ಟು ಜಂಬ ಬ್ಯಾಡ, ಅದನ್ನ ಬುಡೋಗಂಟ ದೀಪಾವಳಿಗೂ ಬರಕಿಲ್ಲ ಅಂತ. ರಜಕ್ಕೆ ಊರಿಗೋಗಿ ಫೋನಲ್ಲಿ ನೋಡ್ಕೊಂಡು ಬಂದು ಚಾಡಿ ಹೇಳ್ದೋನು ನಿನ್ನ ಕ್ಯಾಂಪಿನ ಚಾಮಯ್ಯ ಅಂತ ಗೊತ್ತು ಬುಡು. ಅವನ ಪಟ ನೋಡಿದ್ದೀಯಾ? ಫೋನಲ್ಲೇ ಬೆಳ್ಳಗೆ ಮಾಡ್ಕೊಂಡು, ರಾಗಿಮುದ್ದೆ ಹೋಗಿ ಇಡ್ಲಿ ಆಗವ್ನೆ. ನಾನೂ ಒಂದು ತಗ್ದೆ, ಹೊಟ್ಟೆ ಒಳಕ್ಕೆಳ್ಕೊಂಡು ಉಸ್ರು ಬಿಗಿ ಹಿಡ್ದು. ಕಣ್ಣು ಆಚೆ ಬಂದಿರೋದು ನೋಡಿ ನಿಮ್ಮತ್ತಿಗೆ ಡಾಕ್ಟ್ರ ತಾವ ಹೋಗನಾ ಅಂದ್ಲು. ಮನ್ಷ ಎಂತೋನು ಅಂತ ಅವ್ನೇ ತಗ್ದ ಪಟ ಹೇಳ್ಬುಡ್ತದೆ ಕಣ್ಲಾ.

ಈಗ ರಮ್ಯನ ಪಟದ ವಿಷ್ಯ ಕೇಳು. ನಿಮ್ಮ ಮದ್ವೆ ಆಲ್ಬಮ್ಮಲ್ಲಿ ಆ ಹುಡ್ಗಿ ಬೈತಲೆ ಬುಟ್ರೆ ಇನ್ನೇನಾರ ಕಾಣ್ತದಾ? ಮೊಕ ಎತ್ತಿದ್ರೆ ತಾನೆ. ಅಂತೋಳು ಈಗ ಹಾಲು ಕರ್ದು ಎದ್ದ ಕೆದರ್ಕೊಂಡ ತಲೇಲೇ ಫೋನ್ ಎತ್ತಿ ನೆಟ್ಟಗೆ ನೋಡ್ತಾಳೆ. ಕೆನ್ನೆಗೆ ಸಗಣಿ ಮೆತ್ಕೊಂಡಿದ್ರೂ ಒರ್ಸಕಿಲ್ಲ. ಒಲೆ ಊದಿ ಕಣ್ಣು ಕೆಂಪಾಗಿರೋದೂ ಹಾಕವ್ಳೆ. ಅವ್ವಂಗೆ ಜ್ವರ ಬುಟ್ಟ ದಿನ, ಸೊರಗಿದ ಮೊಕದಲ್ಲೇ ನಗ್ತಾ, ಅವ್ವ ಗಂಜಿ ಕುಡುದ್ಲು ಅಂತ ಬರ್ದು ಹಾಕಿದ್ಲು. ಬಣ್ಣ ಇಲ್ಲ, ನಾಟ್ಕ ಇಲ್ಲ, ಯಾರೇನಂದಾರು ಅನ್ನೋ ಅಂಜ್ಕೆ ಇಲ್ಲ. ಇದು ಜಂಬ ಅಂದ್ರೆ ನನ್ನ ಮೀಸೆ ಬೋಳ್ಸು. ಧೈರ್ಯ ಕಣಪ್ಪ ಇದು. ನಾನು ಊರೆಲ್ಲಾ ತೋರಿಸ್ಕೊಂಡು, ಇವ್ಳು ನಮ್ಮನೆ ಸೊಸೆ ಅಂತ ಎದೆ ಉಬ್ಬುಸ್ತಿದ್ದೆ.

ನಿನ್ನ ಮಾತು ಮುಟ್ಟಿದಾಗ್ಲಿಂದ ಒಂದೂ ತಗ್ದಿಲ್ಲ. ಫೋನ್ನ ಸಾಸ್ವೆ ಡಬ್ಬಿ ಹಿಂದೆ ಮಡ್ಗವ್ಳೆ. ಮೊಕ ತಿರ್ಗ ನೆಲ ನೋಡ್ತಾ ಅದೆ, ಆಲ್ಬಮ್ಮಲ್ಲಿ ಇದ್ದಂಗೆ. ಮನೇಲಿ ಯಾರ್ಗೂ ನನ್ನ ಜೋಕು ರುಚಿಸ್ತಿಲ್ಲ.

ಮಾದಪ್ಪ ನಿನ್ನ ಕಾಪಾಡ್ಲಿ. ಅವ್ವ ಬೆಚ್ಚಗಿರು ಅಂದವ್ಳೆ, ಟೋಪಿ ಹಾಕ್ಕೊ.

ಇಂತಿ ನಿನ್ನಣ್ಣ
ಕಂಠಪ್ಪ

ಜೀಪು ಹಾರ್ನು ಹೊಡೀತಾ ಅದೆ, ಇದೊಂದು ಬರ್ದುಬುಡ್ತೀನಿ. ರಮ್ಯನ ಎಲ್ಲಾ ಪಟದಲ್ಲೂ ಅವ್ಳ ಮೊಕ ಒಂದು ಅಂಚಲ್ಲಿ, ಅವ್ಳ ಬಲಕ್ಕೆ ಮಿಕ್ಕಿದ್ದೆಲ್ಲಾ ಖಾಲಿ. ಫೋನು ಸರ್ಯಾಗಿ ಹಿಡ್ಕೊಳಕ್ಕೂ ಬರಕಿಲ್ವಾ ಅಂತ ನೆನ್ನೆ ರೇಗಿಸ್ದೆ. ನೆಲ ನೋಡ್ಕೊಂಡೇ ಅಂದ್ಲು: "ಅದು ಅವ್ರ ಜಾಗ ಭಾವ. ತಾಳಿ ಕಟ್ಟಿ ನನ್ನ ಬಲಕ್ಕೇ ಅಲ್ವಾ ಕೂತಿದ್ದು? ನೆಟ್ವರ್ಕು ಸಿಗೋ ಅಂತರಸಂತೆಗೆ ಬಂದಾಗ ಫೋನಲ್ಲಿ ನೋಡ್ತಾರೆ ಅಂತ ಹಾಕ್ತಿದ್ದೆ." ದೀಪಾವಳಿಗೆ ಬಾರ್ಲಾ. ಸಾಸ್ವೆ ಡಬ್ಬಿ ಹಿಂದಿಂದ ಆ ಫೋನ್ನ ನೀನೇ ತಗ್ದು ಅವ್ಳ ಕೈಗೆ ಕೊಟ್ಟು, ಬಲಗಡೆ ನಿಂತ್ಕೊ.