ಬೀಗರೆದುರು ಕೇಳಿದ ಪ್ರಶ್ನೆ

ಆಸ್ಪತ್ರೆ ವಾರ್ಡು, ಬಸವನಗುಡಿ
೧೪-೭-೨೦೨೫, ಸೋಮವಾರ

ಪ್ರೀತಿಯ ಮಗಳು ಹಂಸಾಳಿಗೆ,

ನಿನ್ನ ಮಂಡಿನೋವು ಹೇಗಿದೆಯಮ್ಮ? ಕಲಬುರಗಿಯಲ್ಲಿ ಅಳಿಯಂದಿರ ವರ್ಗಾವಣೆ ಗಲಾಟೆ ಮುಗಿಯಿತೇ? ನಾನು ಆಲ್‌ರೈಟ್. ನಿನ್ನ ತಮ್ಮ ಈಶ್ವರನ ಸಂಗತಿ ಫೋನಿನಲ್ಲಿ ಹೇಳೋಣವೆಂದರೆ ಅವನು ಪಕ್ಕದ ಮಂಚದಲ್ಲೇ ನಿದ್ದೆ ಬಂದವನಂತೆ ನಟಿಸುತ್ತಾ ಮಲಗಿದ್ದಾನೆ. ಅದಕ್ಕೇ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ, ದೊಡ್ಡದು ಮಾಡಿಕೊಂಡು ಓದು.

ಶುಕ್ರವಾರ ಈಶ್ವರನ ಕಣ್ಣು ಅರಿಶಿನ ನೀರಿನಂತಾಗಿತ್ತು. ಕಾಮಾಲೆಯೆಂದು ನೆಲನೆಲ್ಲಿ ಅರೆದು ಕುಡಿಸಿದೆ. ನಿಮ್ಮಮ್ಮ ಬದುಕಿದ್ದಿದ್ದರೆ ಬಟ್ಟಲು ಕಸಿದುಕೊಳ್ಳುತ್ತಿದ್ದಳು. ಇವತ್ತು ಬೆಳಿಗ್ಗೆ ಒಂದೇ ಸಮನೆ ವಾಂತಿ. ಅವನ ನಿಶ್ಚಿತಾರ್ಥದ ಮಾತಿಗೆಂದು ಬಂದಿದ್ದ ಹೆಣ್ಣಿನ ಸೋದರಮಾವ ಶಂಭುಲಿಂಗಪ್ಪನವರೇ ಕಾರಿನಲ್ಲಿ ಕರೆತಂದರು. ಬೇಡವೆಂದರೂ ಡಾಕ್ಟರ ಕೋಣೆಯೊಳಗೂ ಬಂದು ಕುಳಿತರು. ರಕ್ತಪರೀಕ್ಷೆ ನೋಡಿ ಡಾಕ್ಟರು, ಲಿವರಿಗೆ ಏಟು ಬಿದ್ದಿದೆ, ಎನ್ಜೈಮ್ ಸಿಕ್ಕಾಪಟ್ಟೆ ಏರಿದೆ ಎಂದರು. ಬಿ.ಕಾಂ. ಓದಿದ ನನಗೆ ಎನ್ಜೈಮ್ ಏನು ಗೊತ್ತು? ಆದರೆ "ಬೇರೆ ಯಾವ್ದಾದ್ರೂ ಮಾತ್ರೆ ತಗೋತಾರಾ?" ಎಂದು ಕೇಳಿದಾಗ ನಾನು ಶಂಭುಲಿಂಗಪ್ಪನವರ ಮುಖ ನೋಡಿದೆ. ಹೆಣ್ಣಿನ ಕಡೆಯವರಿಗೆ ತಿಳಿಯದಿರಲೆಂದು ಅವನ ಮಾತ್ರೆಗಳನ್ನು ವಿಟಮಿನ್ ಡಬ್ಬಿಗೆ ತುಂಬಿಟ್ಟಿದ್ದು ನಿನಗೇ ಗೊತ್ತಲ್ಲ. ಶಂಭುಲಿಂಗಪ್ಪನವರು ನಗುತ್ತಾ, "ಅಯ್ಯೋ ಡಾಕ್ಟ್ರೇ, ವಿಟಮಿನ್ ಬಿಟ್ರೆ ಏನೂ ಇಲ್ಲ. ಚಿನ್ನದಂಥ ಹುಡುಗ, ನಾನೇ ಗ್ಯಾರಂಟಿ" ಅಂದುಬಿಟ್ಟರು. ನಾನು ತಲೆಯಾಡಿಸಿದೆ. ಹೌದು ಮಗಳೇ, ಆಡಿಸಿದೆ.

ಬಾಯಿ ಬಿಟ್ಟವನು ಈಶ್ವರನೇ. "ಸಾರ್, ಅದು ವಿಟಮಿನ್ ಅಲ್ಲ. ಕಾಲೇಜು ಮುಗಿದಾಗಿಂದ ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗ್ತಿದೀನಿ. ಮದ್ವೆ ಮುರಿಯುತ್ತೆ ಅಂತ ಅಪ್ಪಂಗೆ ಭಯ." ಡಾಕ್ಟರು ಪೆನ್ನು ಕೆಳಗಿಟ್ಟು ಅಲ್ಲಿಂದಲೇ ಅವನ ಮನೋವೈದ್ಯರಿಗೆ ಫೋನ್ ಮಾಡಿದರು. ಆ ಮಾತ್ರೆಯದೇ ಸೈಡ್ ಎಫೆಕ್ಟ್ ಎಂದು ಇಬ್ಬರಿಗೂ ಗುಮಾನಿ. ಅದು ಇವತ್ತಿನಿಂದ ಬಂದ್. ಬೇರೆಯದು ಹಿಡಿಯುವವರೆಗೆ ಹಳೆಯ ಕಾಯಿಲೆ ಕೆರಳಬಹುದು, ಒಬ್ಬರು ಜೊತೆಯಲ್ಲೇ ಇರಬೇಕಂತೆ. ವೆರಿ ಕ್ರಿಟಿಕಲ್ ಅಂದರೋ ಕ್ರೂಷಿಯಲ್ ಅಂದರೋ, ಎರಡಕ್ಕೂ ನನ್ನ ಎದೆ ಒಂದೇ ಥರ ಹೊಡೆದುಕೊಳ್ಳುತ್ತಿದೆ. ಶಂಭುಲಿಂಗಪ್ಪನವರು ಕಾರಿನ ಕೀ ಬೆರಳಲ್ಲಿ ತಿರುಗಿಸುತ್ತಾ ಎದ್ದುಹೋದರು. ಹೋಗಲಿ ಬಿಡು.

ಅಳಿಯಂದಿರಿಗೆ ನನ್ನ ಶರಣು, ಮೊಮ್ಮಗಳಿಗೆ ಒಂದು ಮುತ್ತು. ಶಿವ ನಿಮ್ಮ ಬೆನ್ನಿಗಿರಲಿ.

ನಿನ್ನ ಅಪ್ಪ,
ಗಂಗಾಧರಯ್ಯ

ತಾ.ಕ.: ಹೊಸ ಮಾತ್ರೆ ಬಂದಿದೆ, ಅವನು ಬಾಯಿ ತೆರೆಯುತ್ತಿಲ್ಲ. "ನೀವು ಕೊಡೋದು ಏನೂಂತ ನಾನು ಹೇಗೆ ನಂಬ್ಲಪ್ಪಾ? ಅಕ್ಕ ನೋಡಿ ಹೇಳ್ಲಿ" ಎನ್ನುತ್ತಾನೆ. ಇವತ್ತಿನ ರೈಲಿಗೇ ಹೊರಡು. ಹೊರಡುವ ಮೊದಲು ಫೋನ್ ಮಾಡು. ನನಗಲ್ಲ, ಅವನಿಗೆ.