ಎಲೆ ಹಾಕಿದ ದಿನ

ಗುಂಡ್ಲುಪೇಟೆ, ಸೆಪ್ಟೆಂಬರ್ ೮

ಪ್ರೀತಿಯ ಅತ್ತೆಗೆ ವಿನಿತಾಳ ನಮಸ್ಕಾರ.

ಮಂಗಳೂರು ಬಿಟ್ಟು ಬಂದರೆ ಈ ಊರು ನಮಗೆಲ್ಲ ಒಗ್ಗುತ್ತದೆಯೇ, ನೋಡಿ ಬರೆ ಎಂದಿದ್ದಿರಿ. ಒಗ್ಗುತ್ತದೆ.

ಮನೆಯ ಯಜಮಾನಿ ದೊಡ್ಡಮಲ್ಲಮ್ಮನವರು ಮೀನು ಮಾಂಸ ಮುಟ್ಟದವರು. ನಾವು ಮೀನು ತಿನ್ನುವ ಕ್ರೈಸ್ತರೆಂದು ಹಿಂಜರಿದು ಒಂದೇ ತಿಂಗಳ ಮಟ್ಟಿಗೆ ಮನೆ ಬಾಡಿಗೆಗೆ ಕೊಟ್ಟಿದ್ದರು. ಇಂದು ಮಾತೆ ಮರಿಯಮ್ಮನ ಹುಟ್ಟುಹಬ್ಬಕ್ಕೆ ನೀವು ಕಲಿಸಿದಂತೆ ಬರೀ ತರಕಾರಿ ಅಡುಗೆ, ಹೊಸ ಅಕ್ಕಿಯ ಪಾಯಸ ಮಾಡಿ, ನಾಚಿಕೆ ಬಿಟ್ಟು ಅವರಿಗೂ ಎಲೆ ಹಾಕಿದೆ.

"ಈ ಹಬ್ಬಕ್ಕೆ ನಾವೂ ಮೀನು ಮುಟ್ಟುವುದಿಲ್ಲ" ಎಂದೆ.

"ಮೊದ್ಲೇ ಯೋಳ್ಬಾರ್ದೇನಮ್ಮಿ!" ಎಂದು ಪಾಯಸ ಮತ್ತೆ ಬಡಿಸಿಕೊಂಡರು. ಆಮೇಲೆ ಮಾತೆಯ ಮುಂದಿಡಲು ತಮ್ಮ ಹೊಲದ ಚೆಂಡುಹೂವನ್ನು ಬುಟ್ಟಿ ತುಂಬ ತಂದುಕೊಟ್ಟರು.

"ನಿಮ್ಮತ್ತೇನೂ ಕರ್ಸ್ಕೊ ಕಣಮ್ಮಿ. ಮೀನ್ ಬೇಯ್ಸೋ ದಿನ ನಾನು ಕಿಟ್ಕಿ ಮುಚ್ಕೊತೀನಿ ಬುಡು."

ಎಲ್ಲರೂ ಹೊರಟು ಬನ್ನಿ ಅತ್ತೆ. ಮೀನು ಸಾರಿನ ಮಡಕೆ ಮರೆಯಬೇಡಿ.

ನಿಮ್ಮ ಸೊಸೆ,
ವಿನಿತಾ